ಅಧಿಸೂಚನೆ ಹೊರಬಿತ್ತು ಅಂದರೆ ಏನಾಯಿತು ಅಂತ?

ಊರಿನಿಂದ ಮಾವ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದರು. ಪಂಚಾಯ್ತಿ ಕಚೇರಿಯ ಗೋಡೆಗೆ ಗೋಂದು ಹಚ್ಚಿ ಅಂಟಿಸಿದ ಆರು ಹಾಳೆ. ಮೊದಲ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಅಧಿಸೂಚನೆ'. ನಾಲ್ಕನೇ ಹಾಳೆಯ ಪಟ್ಟಿಯಲ್ಲಿ ಅವರ ಸರ್ವೆ ನಂಬರು, 1 ಎಕರೆ 12 ಗುಂಟೆ. ಫೋಟೋ ಬಂದ ಹಿಂದೆಯೇ ಫೋನು.

"ಇದು ನೋಟೀಸೇನಪ್ಪ, ಇಲ್ಲಾ ಆರ್ಡರ್ರಾ? ರಸ್ತೆಗೆ ಜಮೀನು ಹೋಯ್ತು ಅಂತಾನಾ?"

ಜಮೀನು ಹೋಗಿರಲಿಲ್ಲ. ಆದರೆ ಏನೂ ಆಗಿಲ್ಲ ಅನ್ನುವ ಹಾಗೂ ಇರಲಿಲ್ಲ. ಈ ನಡುವಿನ ಸ್ಥಿತಿ ಏನು ಅಂತ ಅವರಿಗೆ ಹೇಳಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅವತ್ತು ಗಡಿಬಿಡಿಯಲ್ಲಿ ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

## ಪದವನ್ನು ಬಿಡಿಸಿದರೆ

ಸೂಚನೆ ಎಲ್ಲರಿಗೂ ಗೊತ್ತಿರುವ ಮಾತು. ಬಸ್ಸಿನಲ್ಲಿ 'ತಲೆ, ಕೈ ಹೊರಗೆ ಹಾಕಬೇಡಿ' ಅಂತ ಬರೆದಿರುವುದು ಸೂಚನೆ. ಅದರ ಮುಂದೆ 'ಅಧಿ' ಬಂದು ಕೂತಿದೆ. ಅಧಿಕಾರ, ಅಧಿಪತಿ ಅನ್ನುವಲ್ಲಿ ಇರುವ ಅದೇ ಅಧಿ. ಮೇಲಿನದು, ಮೇಲಿನಿಂದ ಬಂದದ್ದು ಅನ್ನುವ ಅರ್ಥ ಅದಕ್ಕೆ. ಯಾವುದೋ ಒಂದು ಕಾಯ್ದೆ ಸರ್ಕಾರಕ್ಕೆ ಒಂದು ಅಧಿಕಾರ ಕೊಟ್ಟಿರುತ್ತದೆ. ಆ ಅಧಿಕಾರವನ್ನು ಬಳಸಿ, ಎಲ್ಲರಿಗೂ ತಿಳಿಯುವ ಹಾಗೆ, ಬರಹದಲ್ಲಿ ಹೊರಡಿಸುವ ಮಾತೇ ಅಧಿಸೂಚನೆ.

ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡವರಿಗೆ ಈ ಪದ ಬೇರೆ ರೀತಿಯಲ್ಲೂ ಪರಿಚಯ. ಅಲ್ಲಿ ನೋಟಿಫಿಕೇಶನ್ನಿಗೆಲ್ಲ ಅಧಿಸೂಚನೆ ಅಂತಲೇ ಹೆಸರು. ಹಾಗಾಗಿ ದೊಡ್ಡಮ್ಮ ಕಳಿಸುವ ಗುಲಾಬಿ ಹೂವಿನ 'ಶುಭೋದಯ'ವೂ ನಮ್ಮ ಫೋನಿನಲ್ಲಿ ಒಂದು ಅಧಿಸೂಚನೆ! ಅದನ್ನು ಪಕ್ಕಕ್ಕಿಡೋಣ.

ಸರ್ಕಾರದ ಕಡೆಯಿಂದ ಬರುವ ಕಾಗದಗಳೆಲ್ಲ ಅಧಿಸೂಚನೆ ಅಲ್ಲ. 'ನಾಳೆ ಈ ಬಡಾವಣೆಗಳಿಗೆ ನೀರು ಬರುವುದಿಲ್ಲ' ಅನ್ನುವುದು ಪ್ರಕಟಣೆ. ಅದು ಬರೀ ವಿಷಯ ತಿಳಿಸುತ್ತದೆ. ಇಲಾಖೆಯ ಮೇಲಿನವರು ಕೆಳಗಿನ ಕಚೇರಿಗಳಿಗೆ 'ಹೀಗೆ ಮಾಡಿ' ಅಂತ ಕಳಿಸುವುದು ಸುತ್ತೋಲೆ. ಸುತ್ತು ಹಾಕುವ ಓಲೆ, ಎಷ್ಟು ಚೆಂದದ ಪದ ನೋಡಿ. ತಾಳೆಗರಿ ಹೋಗಿ ಪಿಡಿಎಫ್ ಬಂದರೂ ಹೆಸರಿನಲ್ಲಿ ಓಲೆ ಹಾಗೇ ಉಳಿದಿದೆ. 'ಕರ್ನಾಟಕ ಸರ್ಕಾರದ ನಡವಳಿಗಳು' ಅಂತ ಶುರುವಾಗಿ, ಪ್ರಸ್ತಾವನೆ ಮುಗಿದ ಮೇಲೆ ತೀರ್ಮಾನ ಹೇಳುವುದು ಸರ್ಕಾರಿ ಆದೇಶ. ನೋಟೀಸು ಸಾಮಾನ್ಯವಾಗಿ ಒಬ್ಬರ ಹೆಸರಿಗೆ ಬರುತ್ತದೆ. ಪೋಸ್ಟ್‌ಮ್ಯಾನ್ ಬಂದು ಸಹಿ ಹಾಕಿಸಿಕೊಂಡು ಕೊಟ್ಟು ಹೋಗುತ್ತಾರೆ.

ಅಧಿಸೂಚನೆಗೆ ಇಂಥವರು ಅಂತ ವಿಳಾಸ ಇಲ್ಲ. ಅದು ಊರಿಗೆಲ್ಲ ಹೇಳಿದ ಮಾತು. ಜೊತೆಗೆ ಅದು ಸುಮ್ನೆ ಹೇಳಿ ಹೋಗುವುದಿಲ್ಲ, ಅದರಿಂದ ಏನಾದರೂ ಒಂದು ಬದಲಾಗುತ್ತದೆ. ಒಂದು ಗಡುವು ಶುರುವಾಗುತ್ತದೆ, ಒಂದು ಕಾಯ್ದೆಗೆ ಜೀವ ಬರುತ್ತದೆ, ಇಲ್ಲವೇ ಒಂದು ಜಮೀನಿನ ಮೇಲೆ ತಡೆ ಬೀಳುತ್ತದೆ.

## ಹೇಳಿದ ದಿನ ಬೇರೆ, ಹೊರಡಿಸಿದ ದಿನ ಬೇರೆ

2023ರ ನಮ್ಮ ವಿಧಾನಸಭೆ ಚುನಾವಣೆಯನ್ನೇ ತೆಗೆದುಕೊಳ್ಳಿ. ಮಾರ್ಚ್ 29ರಂದು ಚುನಾವಣಾ ಆಯೋಗ ಪತ್ರಿಕಾಗೋಷ್ಠಿ ಕರೆದು ವೇಳಾಪಟ್ಟಿ ಹೇಳಿತು. ನೀತಿ ಸಂಹಿತೆ ಆಗಲೇ ಶುರುವಾಯಿತು. ಟಿವಿಯವರ ಲೆಕ್ಕದಲ್ಲಿ ಚುನಾವಣೆ ಬಂದೇಬಿಟ್ಟಿತು. ಆದರೆ ಮಾರನೇ ದಿನ ಯಾರಾದರೂ ನಾಮಪತ್ರ ಹಿಡಿದುಕೊಂಡು ಹೋಗಿದ್ದರೆ ವಾಪಸ್ ಬರಬೇಕಿತ್ತು. ಯಾಕೆ? ಅಧಿಸೂಚನೆ ಹೊರಬಿದ್ದದ್ದು ಏಪ್ರಿಲ್ 13ಕ್ಕೆ. ನಾಮಪತ್ರದ ಕಿಟಕಿ ತೆರೆದದ್ದೂ ಅವತ್ತೇ, ಏಪ್ರಿಲ್ 20 ಕೊನೆ ದಿನ. ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ಮಾರ್ಚ್ 29ರದ್ದು ಪ್ರಕಟಣೆ, ಏಪ್ರಿಲ್ 13ರದ್ದು ಅಧಿಸೂಚನೆ. ನಡುವೆ ಎರಡು ವಾರ.

ಕೆಲವೊಮ್ಮೆ ಎರಡೂ ಒಂದೇ ದಿನ ಆಗುತ್ತವೆ. 2016ರ ನವೆಂಬರ್ 8ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಮಾತನಾಡಿದ್ದು ಎಲ್ಲರಿಗೂ ನೆನಪಿದೆ. ಆದರೆ 500, 1000 ರೂಪಾಯಿ ನೋಟುಗಳ ಮಾನ್ಯತೆ ಹೋದದ್ದು ಆ ಭಾಷಣದಿಂದ ಅಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆಯ 26(2)ನೇ ಕಲಂ ಅಡಿ ಅದೇ ದಿನ ಹೊರಟ ಅಧಿಸೂಚನೆಯಿಂದ. ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ನಡೆದ ವಾದದ ಒಂದು ದೊಡ್ಡ ಪ್ರಶ್ನೆಯೂ ಇದೇ ಆಗಿತ್ತು: ಇಷ್ಟು ದೊಡ್ಡ ಕೆಲಸಕ್ಕೆ ಒಂದು ಅಧಿಸೂಚನೆ ಸಾಕಾ? 2023ರ ಜನವರಿ 2ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಆ ಅಧಿಸೂಚನೆಯನ್ನು ಎತ್ತಿಹಿಡಿದರು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಲಿಲ್ಲ. ಕೇಂದ್ರ ಸರ್ಕಾರವೇ ಮುಂದಾಗಿ ಇಂಥದ್ದನ್ನು ಮಾಡುವುದಾದರೆ ಸಂಸತ್ತಿನಲ್ಲಿ ಕಾನೂನು ತರಬೇಕು, ಬರೀ ಗೆಜೆಟ್ ಅಧಿಸೂಚನೆಯಿಂದ ಆಗದು ಅನ್ನುವುದು ಅವರ ಭಿನ್ನ ತೀರ್ಪು.

## ಊರಿಗೆಲ್ಲ ಯಾಕೆ ಹೇಳಬೇಕು?

ತೀರ್ಮಾನ ಸರ್ಕಾರದ್ದೇ ತಾನೇ? ಫೈಲಿನಲ್ಲಿ ಸಹಿ ಹಾಕಿದರೆ ಸಾಲದಾ? ಮಾವನೂ ಹೀಗೇ ಕೇಳಿದ್ದರು. ಇದಕ್ಕೆ ಉತ್ತರ ಜೈಪುರದ ಒಂದು ಹಳೇ ಕೇಸಿನಲ್ಲಿದೆ.

ಜೈಪುರ ಆಗ ಸಂಸ್ಥಾನ. ಮಹಾರಾಜ ತೀರಿಕೊಂಡಿದ್ದರು, ಪಟ್ಟಕ್ಕೆ ಬಂದವರು ಇನ್ನೂ ಚಿಕ್ಕವರು. ಆಡಳಿತ ಮಂತ್ರಿಗಳ ಮಂಡಳಿಯ ಕೈಯಲ್ಲಿತ್ತು. 1923ರ ಡಿಸೆಂಬರಿನಲ್ಲಿ ಆ ಮಂಡಳಿ ಅಫೀಮಿನ ಮೇಲೆ ಒಂದು ಕಾಯ್ದೆ ಮಾಡಿ ಠರಾವು ಪಾಸು ಮಾಡಿತು. ಅಷ್ಟೇ. ಗೆಜೆಟ್ಟಿನಲ್ಲಿ ಹಾಕಲಿಲ್ಲ, ಬೇರೆ ಯಾವ ರೀತಿಯಲ್ಲೂ ಜನಕ್ಕೆ ತಿಳಿಸಲಿಲ್ಲ. ವರ್ಷಗಳ ಮೇಲೆ ಹರ್ಲಾ ಎಂಬ ವ್ಯಕ್ತಿಗೆ ಅದೇ ಕಾಯ್ದೆಯಡಿ 50 ರೂಪಾಯಿ ದಂಡ ಬಿತ್ತು. ಐವತ್ತೇ ರೂಪಾಯಿ. ಆದರೂ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1951ರಲ್ಲಿ ಕೋರ್ಟು ಶಿಕ್ಷೆ ರದ್ದು ಮಾಡಿತು. ಜನರಿಗೆ ತಿಳಿಯುವ ದಾರಿಯೇ ಇಲ್ಲದ ಕಾನೂನಿನಡಿ ಜನರನ್ನು ಶಿಕ್ಷಿಸುವುದು ನ್ಯಾಯ ಅಲ್ಲ, ಮುಚ್ಚಿದ ಕೋಣೆಯಲ್ಲಿ ಪಾಸು ಮಾಡಿದ ಠರಾವು ಪ್ರಕಟವಾಗುವವರೆಗೆ ಕಾನೂನಾಗದು ಅನ್ನುವುದು ತೀರ್ಪಿನ ತಿರುಳು.

'ಕಾನೂನು ಗೊತ್ತಿರಲಿಲ್ಲ' ಅನ್ನುವ ನೆಪ ಕೋರ್ಟಿನಲ್ಲಿ ನಡೆಯುವುದಿಲ್ಲ ಅಂತಾರಲ್ವಾ? ಹರ್ಲಾ ಪ್ರಕರಣ ಅದರ ಇನ್ನೊಂದು ಮಗ್ಗುಲು. ಗೊತ್ತಿರಬೇಕು ಅಂತ ಜನರನ್ನು ಕೇಳುವ ಮೊದಲು, ಗೊತ್ತಾಗುವ ಹಾಗೆ ಮಾಡುವುದು ಸರ್ಕಾರದ ಕೆಲಸ.

ಈ ಕೆಲಸ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಗಲ್ಲಿನ ಶಾಸನ ಇದೆ. ಭಾಷೆ ಪ್ರಾಕೃತ. ಅದು ತನ್ನನ್ನು ತಾನು 'ಸಾವಣೆ' ಅಂತ ಕರೆದುಕೊಳ್ಳುತ್ತದೆ. ಅಂದರೆ ಶ್ರಾವಣೆ, ಕಿವಿಗೆ ಬೀಳುವಂತೆ ಸಾರಿದ್ದು. ಬಂಡೆಯ ಮೇಲೆ ಕೆತ್ತಿದ್ದರೂ ಅದು ಓದಿ ಹೇಳಲೆಂದೇ ಇದ್ದ ಮಾತು. ನನಗೆ ತುಂಬಾ ಇಷ್ಟವಾಗುವುದು ಅದರ ಮೊದಲ ಸಾಲು. ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಈ ಮಾತು ಕಳಿಸಿದ್ದಾರೆ. ವಿಷಯಕ್ಕೆ ಬರುವ ಮುಂಚೆ ಅವರ ಆರೋಗ್ಯ ವಿಚಾರಿಸಿದ್ದಾರೆ. ಇವತ್ತಿನ ಯಾವ ಅಧಿಸೂಚನೆಯೂ ನಮ್ಮನ್ನು ಹೇಗಿದ್ದೀರಿ ಅಂತ ಕೇಳುವುದಿಲ್ಲ ಬಿಡಿ.

ಆಮೇಲಿನ ಕಾಲಕ್ಕೆ ಡಂಗುರ ಬಂತು. ಹಳೇ ಮೈಸೂರು ಕಡೆ ಈಗಲೂ ಟಾಂ ಟಾಂ ಹೊಡೆಸೋದು ಅಂತಾರೆ. ತಮಟೆ ಬಾರಿಸುತ್ತಾ ಬೀದಿ ಬೀದಿಯಲ್ಲಿ ನಿಂತು 'ಕೇಳ್ರಪ್ಪೋ ಕೇಳ್ರಿ' ಅಂತ ಸಾರುತ್ತಿದ್ದದ್ದನ್ನು ಮಾವ ಕಣ್ಣಾರೆ ನೋಡಿದವರು. ಇದು ಬರೀ ಹಳೇ ಕಥೆ ಅಂದುಕೊಳ್ಳಬೇಡಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಸಾಲಗಾರನ ಜಮೀನನ್ನು ಕೋರ್ಟು ಜಪ್ತಿ ಮಾಡುವಾಗ ಆ ಜಾಗದಲ್ಲಿ ಡೋಲು ಬಾರಿಸಿ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕು ಅನ್ನುವ ನಿಯಮ ಇವತ್ತಿಗೂ ಇದೆ.

## ಗೆಜೆಟ್: ಸರ್ಕಾರದ ಸ್ವಂತ ಪೇಪರ್

ಅಧಿಸೂಚನೆ ಅಂದಕೂಡಲೇ ಜೊತೆಗೆ ಬರುವ ಪದ ಗೆಜೆಟ್. ಕನ್ನಡದಲ್ಲಿ ರಾಜ್ಯಪತ್ರ. ಗೆಜೆಟ್ ಅನ್ನುವ ಹೆಸರಿನ ಮೂಲ ಇಟಲಿಯ ವೆನಿಸ್. ಅಲ್ಲಿ 'ಗಜೆಟಾ' ಒಂದು ಚಿಲ್ಲರೆ ನಾಣ್ಯ. ಆ ಕಾಸಿಗೆ ಸಿಗುತ್ತಿದ್ದ ಸುದ್ದಿ ಹಾಳೆಗೂ ಅದೇ ಹೆಸರು ಅಂಟಿಕೊಂಡಿತು. ಇಂಗ್ಲೆಂಡಿನ ಲಂಡನ್ ಗೆಜೆಟ್ 1665ರಲ್ಲಿ ಶುರುವಾದಾಗ ಆಕ್ಸ್‌ಫರ್ಡ್ ಗೆಜೆಟ್ ಆಗಿತ್ತು. ಲಂಡನ್ನಿನಲ್ಲಿ ಪ್ಲೇಗ್ ಅಂತ ರಾಜನ ಆಸ್ಥಾನವೇ ಆಕ್ಸ್‌ಫರ್ಡಿಗೆ ಹೋಗಿತ್ತು. ಬ್ರಿಟಿಷರ ಜೊತೆ ಈ ಪದ್ಧತಿ ಇಲ್ಲಿಗೂ ಬಂತು.

ಕರ್ನಾಟಕ ರಾಜ್ಯಪತ್ರ ವಾರಕ್ಕೊಮ್ಮೆ, ಗುರುವಾರ ಬರುತ್ತದೆ. ಗುರುವಾರದವರೆಗೆ ಕಾಯಲು ಆಗದ್ದು ವಿಶೇಷ ರಾಜ್ಯಪತ್ರಿಕೆಯಲ್ಲಿ ಬರುತ್ತದೆ. ಒಂದು ಸಲ ತೆರೆದು ನೋಡಿ. ಮೇಲೆ 'ಅಧಿಕೃತವಾಗಿ ಪ್ರಕಟಿಸಲಾದುದು' ಅಂತ ಇರುತ್ತದೆ. ಕೆಳಗೆ ವಾರ, ಇಂಗ್ಲಿಷ್ ತಾರೀಕು, ಪಕ್ಕದಲ್ಲೇ ಶಕ ವರ್ಷದ ತಿಂಗಳು, ದಿನ. ಕೊನೆಯಲ್ಲಿ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಅಂತ ಬರೆದು ಒಬ್ಬ ಅಧಿಕಾರಿಯ ಸಹಿ. ಇದನ್ನು ನೋಡಿ ರಾಜ್ಯಪಾಲರೇ ಕೂತು ಬರೆದರು ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಸಂವಿಧಾನದ 166ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರದ ಕೆಲಸವೆಲ್ಲ ರಾಜ್ಯಪಾಲರ ಹೆಸರಿನಲ್ಲಿ ನಡೆಯಬೇಕು, ಅದಕ್ಕೆ ಈ ಸಾಲು.

ಹಿಂದೆ ಗೆಜೆಟ್ ಬೇಕು ಅಂದರೆ ಅಚ್ಚಾದ ಪ್ರತಿ ಹುಡುಕಬೇಕಿತ್ತು. ಈಗ ಅಷ್ಟು ಕಷ್ಟ ಇಲ್ಲ. ಕೇಂದ್ರದ ಗೆಜೆಟ್ 2015ರ ಅಕ್ಟೋಬರ್ 1ರಿಂದ ಕಾಗದದಲ್ಲಿ ಅಚ್ಚಾಗುವುದು ನಿಂತು ಬರೀ ಆನ್‌ಲೈನ್ ಆಗಿದೆ. ನಮ್ಮ ರಾಜ್ಯದ್ದು ಇ-ರಾಜ್ಯಪತ್ರ ಜಾಲತಾಣದಲ್ಲಿ ಸಿಗುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ವಾಟ್ಸಾಪ್‌ನಲ್ಲಿ ಓಡಾಡುವ 'ಅಧಿಸೂಚನೆ' ಅಸಲಿಯಾ ಅಂತ ಅನುಮಾನ ಬಂದರೆ ನೋಡಬೇಕಾದ ಜಾಗ ಇದೇ.

## ಪುಸ್ತಕದಲ್ಲಿದೆ, ಜಾರಿಯಲ್ಲಿಲ್ಲ

ಶಾಸಕಾಂಗ ಪಾಸು ಮಾಡಿದ ಎಷ್ಟೋ ಕಾಯ್ದೆಗಳ ಮೊದಲ ಪುಟದಲ್ಲೇ ಒಂದು ಸಾಲು ಇರುತ್ತದೆ: ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತು ಮಾಡಿದ ದಿನದಿಂದ ಇದು ಜಾರಿಗೆ ಬರುತ್ತದೆ. ಗಾಡಿ ಕೊಂಡು ಮನೆ ಮುಂದೆ ನಿಲ್ಲಿಸಿದ ಹಾಗೆ. ಕೀಲಿ ತಿರುಗಿಸುವವರೆಗೆ ಓಡುವುದಿಲ್ಲ. ಆ ಕೀಲಿ ಅಧಿಸೂಚನೆ.

ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಡಿಸೆಂಬರ್ 25ಕ್ಕೆ. ಜಾರಿಗೆ ಬಂದದ್ದು 2024ರ ಜುಲೈ 1ರಿಂದ. ಅದರಲ್ಲೂ ಒಂದು ತುಂಡು ಹೊರಗೆ ಉಳಿಯಿತು. ಬೇಕಾಬಿಟ್ಟಿ ಗಾಡಿ ಓಡಿಸಿ ಯಾರನ್ನಾದರೂ ಕೊಂದು, ಪೊಲೀಸರಿಗೂ ಹೇಳದೆ ಪರಾರಿಯಾದರೆ ಹತ್ತು ವರ್ಷದವರೆಗೆ ಶಿಕ್ಷೆ ಅನ್ನುವ 106(2)ನೇ ಕಲಂ. ಲಾರಿ ಚಾಲಕರು ಆ ಜನವರಿಯಲ್ಲಿ ಮುಷ್ಕರ ಹೂಡಿದ್ದರು. ಫೆಬ್ರವರಿಯಲ್ಲಿ ಹೊರಟ ಅಧಿಸೂಚನೆ ಆ ಒಂದು ಉಪಕಲಂ ಬಿಟ್ಟು ಉಳಿದದ್ದಕ್ಕೆ ಮಾತ್ರ ಜುಲೈ 1 ಅಂತ ದಿನ ಗೊತ್ತು ಮಾಡಿತು. ಸಂಸತ್ತು ಪಾಸು ಮಾಡಿದ್ದೇ, ಪುಸ್ತಕದಲ್ಲಿ ಅಚ್ಚಾಗಿರುವುದೇ. ಆದರೂ ಉಳಿದದ್ದರ ಜೊತೆ ಅದು ಜಾರಿಗೆ ಬರಲಿಲ್ಲ.

## ಕರಡು, ಪ್ರಾಥಮಿಕ, ಅಂತಿಮ

ಜನ ಜಾಸ್ತಿ ಎಡವುವುದು ಇಲ್ಲಿ. ಅಧಿಸೂಚನೆ ಅನ್ನುವುದಕ್ಕೆ ಮೊದಲು ಇರುವ ಆ ಒಂದು ಚಿಕ್ಕ ಪದ ನೋಡದೆ ಗಾಬರಿ ಬೀಳುತ್ತೇವೆ, ಇಲ್ಲವೇ ನಿರಾಳವಾಗಿಬಿಡುತ್ತೇವೆ.

ಕರಡು ಅಧಿಸೂಚನೆ ಅಂದರೆ 'ಹೀಗೆ ಮಾಡೋಣ ಅಂತಿದ್ದೇವೆ, ನಿಮ್ಮ ತಕರಾರು ಇದ್ದರೆ ಹೇಳಿ' ಅಂತ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಷಯ ಮಲೆನಾಡಿನವರಿಗೆ ಬಾಯಿಪಾಠ. ಘಟ್ಟದ ಬಗ್ಗೆ ಕಸ್ತೂರಿರಂಗನ್ ಸಮಿತಿ ಕೊಟ್ಟ ವರದಿಯ ನಂತರ ಮೊದಲ ಕರಡು ಬಂದದ್ದು 2014ರ ಮಾರ್ಚಿನಲ್ಲಿ. ಆರನೆಯದು ಬಂದದ್ದು 2024ರ ಜುಲೈ 31ಕ್ಕೆ. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆಕ್ಷೇಪಣೆಗೆ 60 ದಿನ. ಪ್ರತಿ ಸಲವೂ 'ಅಧಿಸೂಚನೆ ಬಂತು' ಅಂತ ಸುದ್ದಿಯಾಗುತ್ತದೆ. ಕರಡು ಅನ್ನುವ ಪದ ತಲೆಬರಹದಿಂದ ಉದುರಿಹೋಗುತ್ತದೆ. ಹತ್ತು ವರ್ಷದಲ್ಲಿ ಆರು ಸಲ ಬಂದದ್ದೂ ಕರಡೇ.

ಜಮೀನಿನ ವಿಷಯಕ್ಕೆ ಬಂದರೆ ಪದಗಳು ಪ್ರಾಥಮಿಕ ಮತ್ತು ಅಂತಿಮ. ಮದುವೆಗೆ ಹೋಲಿಸಿದರೆ ಪ್ರಾಥಮಿಕ ಅಧಿಸೂಚನೆ ನಿಶ್ಚಿತಾರ್ಥ, ಅಂತಿಮ ಅಧಿಸೂಚನೆ ತಾಳಿ. ಒಂದೇ ವ್ಯತ್ಯಾಸ, ಇಲ್ಲಿ ನಿಶ್ಚಿತಾರ್ಥ ಆದ ಮೇಲೆ ತಕರಾರು ಕೇಳುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಕಾನೂನಿನ ಅಂಕಿಗಳೇ ಆಡುಮಾತು. 'ಫೋರ್ ಒನ್ ಆಗಿದೆ, ಸಿಕ್ಸ್ ಒನ್ ಆಗಿಲ್ಲ' ಅಂತ ಕಾಫಿ ಕುಡಿಯುತ್ತಾ ಹೇಳುವ ರೈತರನ್ನು ನೀವೂ ನೋಡಿರಬಹುದು. ಅದು 1894ರ ಹಳೇ ಭೂಸ್ವಾಧೀನ ಕಾಯ್ದೆಯ ಲೆಕ್ಕ: 4(1) ಪ್ರಾಥಮಿಕ, 6(1) ಅಂತಿಮ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಹೊಸ ಭೂಸ್ವಾಧೀನ ಕಾಯ್ದೆಯಲ್ಲಿ ಅವು 11 ಮತ್ತು 19ನೇ ಕಲಂ. ಕೈಗಾರಿಕೆಗೆ ಅಂತ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ತೆಗೆದುಕೊಂಡರೆ 28(1) ಮತ್ತು 28(4). ಬೆಂಗಳೂರಿನ ಬಿಡಿಎ ಬಡಾವಣೆಗೆ 17 ಮತ್ತು 19. ರಾಷ್ಟ್ರೀಯ ಹೆದ್ದಾರಿಗೆ 3ಎ ಮತ್ತು 3ಡಿ, ಅಲ್ಲಿ ಆಕ್ಷೇಪಣೆಗೆ ಸಿಗುವುದು ಬರೀ 21 ದಿನ. 3ಡಿ ಪ್ರಕಟವಾದ ಕ್ಷಣವೇ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ. ಹಾಗಾಗಿ ಹಾಳೆ ಸಿಕ್ಕ ಕೂಡಲೇ ಮೊದಲು ಹುಡುಕಬೇಕಾದ್ದು ನಮ್ಮ ಹೆಸರನ್ನಲ್ಲ, ಯಾವ ಕಾಯ್ದೆ, ಯಾವ ಕಲಂ ಅನ್ನುವುದನ್ನು.

ಮಾವನ ಹಾಳೆಯಲ್ಲಿ ಇದ್ದದ್ದು 2013ರ ಕಾಯ್ದೆಯ 11(1). ಅದರ ಅರ್ಥ ಇಷ್ಟು. ಜಮೀನು ಇನ್ನೂ ಅವರದ್ದೇ, ಉಳುಮೆ ನಿಲ್ಲಿಸಬೇಕಾಗಿಲ್ಲ. ಆದರೆ ಪ್ರಕ್ರಿಯೆ ಮುಗಿಯುವವರೆಗೆ ಅದನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ. ವಿಶೇಷ ಕಾರಣ ಇದ್ದರೆ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ವಿನಾಯಿತಿ ಕೇಳಬಹುದು. ಪರಿಹಾರಕ್ಕೆ ಮಾರುಕಟ್ಟೆ ಬೆಲೆ ಲೆಕ್ಕ ಹಾಕುವುದು ಈ ಅಧಿಸೂಚನೆಯ ತಾರೀಕಿನ ಮೇಲೆ. ನಾಳೆ ಪಕ್ಕದ ಜಮೀನು ಎಷ್ಟಕ್ಕೆ ಹೋದರೂ ಲೆಕ್ಕಕ್ಕೆ ಬರುವುದು ಈ ದಿನ. ಪ್ರಕಟವಾದ 60 ದಿನದೊಳಗೆ ಬರಹದಲ್ಲಿ ಆಕ್ಷೇಪಣೆ ಕೊಡಬಹುದು. ಕೊಟ್ಟವರ ಮಾತನ್ನು ಕರೆದು ಕೇಳಬೇಕು, ಅದು ಕಾಯ್ದೆಯಲ್ಲೇ ಇದೆ. ಇನ್ನು ಸರ್ಕಾರಕ್ಕೂ ಗಡುವು ಇದೆ. ಹನ್ನೆರಡು ತಿಂಗಳೊಳಗೆ 19ನೇ ಕಲಮಿನ ಅಂತಿಮ ಘೋಷಣೆ ಬರದಿದ್ದರೆ, ಸರ್ಕಾರ ಅವಧಿ ವಿಸ್ತರಿಸದ ಹೊರತು, ಪ್ರಾಥಮಿಕ ಅಧಿಸೂಚನೆ ಬಿದ್ದುಹೋಗುತ್ತದೆ.

ಹಾಳೆಯನ್ನು ಒಂದೇ ಕಡೆ ಅಂಟಿಸಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ರಾಜ್ಯಪತ್ರದಲ್ಲಿ ಬರಬೇಕು. ಆ ಭಾಗದಲ್ಲಿ ಓಡುವ ಎರಡು ದಿನಪತ್ರಿಕೆಯಲ್ಲಿ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ಪಂಚಾಯ್ತಿ, ತಾಲೂಕು ಕಚೇರಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಸ್ಥಳೀಯ ಭಾಷೆಯಲ್ಲಿ ಹಾಕಬೇಕು. ಸರ್ಕಾರದ ಜಾಲತಾಣದಲ್ಲೂ ಇರಬೇಕು. ಪೇಪರಿನ ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅರ್ಧ ಪುಟ ತುಂಬುವ ಜಾಹೀರಾತು ಇದಕ್ಕೇ ಬರುವುದು.

ಹೊರಡಿಸಿದ್ದನ್ನು ಹಿಂದಕ್ಕೆ ಪಡೆಯಬಹುದಾ? ಪಡೆಯಬಹುದು. ಅದೇ ನಮ್ಮ ಪೇಪರುಗಳ ಹಳೇ ಗೆಳೆಯ, ಡಿನೋಟಿಫಿಕೇಶನ್. 2013ರ ಕಾಯ್ದೆಯಲ್ಲಿ ಜಮೀನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಮೊದಲು ಸರ್ಕಾರ ಹಿಂದೆ ಸರಿಯಬಹುದು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ಗುರುತಿಸಿದ್ದ 1,777 ಎಕರೆಯನ್ನು ಕೈಬಿಡುವುದಾಗಿ ಸರ್ಕಾರ 2025ರ ಜುಲೈನಲ್ಲಿ ಹೇಳಿತು. ಅದರ ಹಿಂದೆ ಮೂರು ವರ್ಷಕ್ಕೂ ಜಾಸ್ತಿ ನಡೆದ ರೈತರ ಧರಣಿ ಇತ್ತು.

## ಮಾವನ ನಾಲ್ಕನೇ ಹಾಳೆ

ಫೋಟೋವನ್ನು ದೊಡ್ಡದು ಮಾಡಿ ಅನುಸೂಚಿ ಓದಿದೆ. ಅನುಸೂಚಿ ಅಂದರೆ ಹಿಂದೆ ಲಗತ್ತಿಸಿರುವ ಪಟ್ಟಿ. ಮೊದಲ ಹಾಳೆಗಳ ಕಾನೂನು ಭಾಷೆ ಎಲ್ಲರಿಗೂ ಒಂದೇ, ನಮ್ಮ ಪಾಲಿನದು ಇರುವುದು ಇಲ್ಲಿ. ಖಾತೆದಾರರ ಹೆಸರು, ಅನುಭವದಾರರ ಹೆಸರು, ಸರ್ವೆ ನಂಬರು, ಖುಷ್ಕಿಯೋ (ಮಳೆ ನಂಬಿದ ಹೊಲ) ತರಿಯೋ (ನೀರಾವರಿ ಗದ್ದೆ) ಬಾಗಾಯ್ತೋ (ತೋಟ), ಎಕರೆ-ಗುಂಟೆ, ಚೆಕ್ಕುಬಂದಿ ಅಂದರೆ ನಾಲ್ಕೂ ದಿಕ್ಕಿನ ಗಡಿ. ಪಹಣಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಕಾಲಂ ತಾಳೆ ನೋಡಿ ಅಂದೆ.

ಎರಡು ಕಡೆ ತಪ್ಪು ಸಿಕ್ಕಿತು. ಹದಿನೈದು ವರ್ಷದಿಂದ ಅಡಿಕೆ ಇರುವ ತೋಟವನ್ನು ಖುಷ್ಕಿ ಅಂತ ಬರೆದಿತ್ತು. ಖಾತೆದಾರರ ಕಾಲಂನಲ್ಲಿ ಇದ್ದದ್ದು ಅಜ್ಜನ ಹೆಸರು. ಅಜ್ಜ ತೀರಿಕೊಂಡು ಎಂಟು ವರ್ಷ ಆಗಿದೆ, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸುವುದನ್ನು ಮಾವ 'ಮುಂದಿನ ತಿಂಗಳು' ಅಂತ ಎಂಟು ವರ್ಷದಿಂದ ಮುಂದೂಡಿದ್ದರು. ಮೊದಲನೆಯದನ್ನು ಆಕ್ಷೇಪಣೆಯಲ್ಲಿ ಬರೆಯಬೇಕು, ತೋಟದ ಫೋಟೋ ಲಗತ್ತಿಸಬೇಕು. ಎರಡನೆಯದಕ್ಕೆ ನಾಡಕಚೇರಿಗೆ ಹೋಗಬೇಕು, ಅದೂ ಬೇಗ. ಪರಿಹಾರದ ಚೆಕ್ಕು ಅಜ್ಜನ ಹೆಸರಿಗೆ ಬಂದರೆ ಯಾರು ತೆಗೆದುಕೊಳ್ಳುವುದು?

"ಅರವತ್ತು ದಿನ ಯಾವತ್ತಿಂದ ಎಣಿಸಲಿ? ಗೋಡೆಗೆ ಅಂಟಿಸಿದ್ದು ಹೋದ ಸೋಮವಾರ. ಪೇಪರಲ್ಲಿ ಅದಕ್ಕೂ ಮುಂಚೆ ಬಂದಿತ್ತಂತೆ."

ಯಾವುದು ಮೊದಲೋ ಅಲ್ಲಿಂದ ಎಣಿಸಿ ಅಂದೆ. ಬೇಗ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಮಾವ ಫೋನ್ ಸ್ಪೀಕರಿಗೆ ಹಾಕಿ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡರು. ಹಾಳೆ ಮಗುಚುವ ಸದ್ದು ಕೇಳುತ್ತಿತ್ತು. ಅರವತ್ತನೇ ದಿನ ಭಾನುವಾರಕ್ಕೆ ಬಿತ್ತು. ಅದರ ಹಿಂದಿನ ವಾರದ ಬುಧವಾರಕ್ಕೆ ಸುತ್ತು ಹಾಕಿದರು. ಪಕ್ಕದಲ್ಲಿ ಬರೆದುಕೊಂಡದ್ದನ್ನು ಓದಿ ಹೇಳಿದರು: "ಎರಡು ಪ್ರತಿ. ಒಂದಕ್ಕೆ ಸೀಲು ಹಾಕಿಸ್ಕೊಂಡು ಬರೋದು."